ಎರಡು ವರ್ಷಕ್ಕೇ ತೀರ್ಕೊಂಡ ಮುತ್ತಾತ: ಡ್ರೆಂಟೆಯಲ್ಲಿ ಗಂಡನ ಮನೆ ವಂಶ ಹುಡುಕಿದ ನನ್ನ ಅನುಭವ

ಎರಡು ವರ್ಷದ ಮಗುವಾಗಿದ್ದಾಗ್ಲೇ ತೀರ್ಕೊಂಡವನೊಬ್ಬನನ್ನ ನಮ್ಮ ಮಾವನ ಅಜ್ಜನ ಅಜ್ಜ ಅಂತ ನಂಬ್ಕೊಂಡು ಮೂರು ತಿಂಗಳು ಕಳೆದೆ ನಾನು. ಆ ಮಗುವಿನ ತಾಯಿ ಕಡೆಯವ್ರನ್ನ ಇನ್ನೂ ಮೂರು ತಲೆಮಾರು ಮೇಲಕ್ಕೆ ಹುಡುಕಿ, ಚಾರ್ಟ್ ಬರೆದು, ಮಾವನ ಮನೆ ಹಾಲ್ ಗೋಡೆಗೆ ಅಂಟಿಸಿಯೂ ಆಗಿತ್ತು. ಮಾವ ಬಂದೋರಿಗೆಲ್ಲ ತೋರಿಸ್ತಿದ್ರು ಬೇರೆ. ಅದನ್ನ ಗೋಡೆಯಿಂದ ಕಿತ್ತ ದಿನ ಅವರ ಮುಖ ನೋಡೋಕಾಗ್ಲಿಲ್ಲ.

ಊರು ಯಾವುದು ಅಂದ್ರೆ ನೆದರ್ಲೆಂಡ್ಸ್‌ನ ಈಶಾನ್ಯ ಮೂಲೆಯ ಡ್ರೆಂಟೆ ಪ್ರಾಂತ್ಯ, ಆಸೆನ್ ಅದರ ರಾಜಧಾನಿ. ಟ್ಯೂಲಿಪ್ಪು, ಗಾಳಿಗಿರಣಿ ಅಂತ ಕಣ್ಮುಂದೆ ತಂದ್ಕೋಬೇಡಿ, ಇಲ್ಲಿರೋದು ಮರಳು ನೆಲ, ಕುರಿ, ಕಾಡು, ಐದು ಸಾವಿರ ವರ್ಷ ಹಳೇ ಕಲ್ಲುಗೋರಿಗಳು (ದೇಶದಲ್ಲಿ ಇರೋ 54ರಲ್ಲಿ 52 ಇಲ್ಲೇ ಇವೆ), ಆಮೇಲೆ ಪೀಟ್ ಕಡಿದು ಖಾಲಿಯಾದ ಬಯಲು. ಪೀಟ್ ಅಂದ್ರೆ ಜೌಗಲ್ಲಿ ಸಾವಿರಾರು ವರ್ಷ ಕೊಳೆತ ಗಿಡಗಂಟಿ, ಅದನ್ನ ಇಟ್ಟಿಗೆ ತರ ಕಡಿದು ಒಣಗಿಸಿ ಒಲೆಗೆ ಹಾಕ್ತಿದ್ರು, ನಮ್ಮ ಕುಳ್ಳಿನ ತರ ಅಂದ್ಕೊಳಿ. ಇಲ್ಲಿಯವ್ರು ಇವತ್ತಿಗೂ ಮರಳಿನವ್ರು, ಪೀಟಿನವ್ರು ಅಂತ ಎರಡು ಜಾತಿ ಮಾಡ್ತಾರೆ. ಮಾವ ಮರಳಿನವ್ರು, ಅತ್ತೆ ಪೀಟಿನವ್ರು, ಜಗಳ ಬಂದಾಗೆಲ್ಲ ಅದು ಹೊರಗೆ ಬರುತ್ತೆ.

ನಂಗೆ ಇದರ ಹುಚ್ಚು ಹತ್ತಿದ್ದು ಯಾಕೆ ಅಂದ್ರೆ ಹಾವೇರಿ ಕಡೆ ನಮ್ಮಜ್ಜಿ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಕೂತು ಬಂದು ವಂಶ ಒಪ್ಪಿಸ್ತಿದ್ರಂತೆ, ಅಮ್ಮ ಹೇಳಿ ಕೇಳಿದ್ದೆ. ಇಲ್ಲಿ ಆ ಕೆಲ್ಸ 1811ರಿಂದ ಸರ್ಕಾರಿ ಗುಮಾಸ್ತರು ಮಾಡಿದಾರೆ, ಕಾಳು ಕೇಳಲ್ಲ ಅಷ್ಟೇ. ನೆಪೋಲಿಯನ್ ಈ ದೇಶವನ್ನ ಫ್ರಾನ್ಸ್‌ಗೆ ಸೇರಿಸ್ಕೊಂಡಿದ್ದು 1810ರಲ್ಲಿ. ಮಾರನೇ ವರ್ಷದಿಂದ ಹುಟ್ಟು, ಮದುವೆ, ಸಾವು ಎಲ್ಲ ಊರಾಫೀಸಲ್ಲಿ ಬರೆಸ್ಬೇಕು ಅಂತಾಯ್ತು, ಸರ್‌ನೇಮ್ ಇಲ್ಲದೋರು ಒಂದು ಇಟ್ಕೊಳ್ಳಿ ಅಂತಲೂ ಆಯ್ತು.

ಶುರು ಮಾಡಿದ್ದು ಮಾವನಿಂದ್ಲೇ. ಇತ್ತೀಚಿನವ್ರದ್ದು ಆನ್‌ಲೈನಲ್ಲಿ ಸಿಗಲ್ಲ, ಜನನ ದಾಖಲೆ 100 ವರ್ಷ, ಮದುವೆದು 75, ಸಾವಿನದು 50 ವರ್ಷ ಮುಚ್ಚಿಟ್ಟಿರ್ತಾರೆ. ಹಾಗಾಗಿ ಮಾವನ ಅಜ್ಜನ ಪರ್ಸೋನ್ಸ್‌ಕಾರ್ಟ್ ತರಿಸಿದೆ. 1940ರ ಹೊತ್ತಿಂದ 1994ರವರೆಗೆ ತೀರ್ಕೊಂಡವ್ರದ್ದು ಒಬ್ಬೊಬ್ಬರಿಗೆ ಒಂದು ಕಾರ್ಡ್ ಇದೆ, ಹೇಗ್‌ನ ಸಿಬಿಜಿ ಅನ್ನೋ ವಂಶಾವಳಿ ಕೇಂದ್ರ ದುಡ್ಡು ತಗೊಂಡು ನಕಲು ಕೊಡುತ್ತೆ. ಅಪ್ಪ ಅಮ್ಮ, ಹೆಂಡ್ತಿ, ಮಕ್ಕಳು, ಯಾವ್ಯಾವ ಮನೇಲಿದ್ರು ಎಲ್ಲ ಒಂದೇ ಕಾರ್ಡಲ್ಲಿ. ಅಲ್ಲಿಂದ ಮೇಲೆ ಆಲೆಡ್ರೆಂಟನ್ ಅನ್ನೋ ವೆಬ್‌ಸೈಟು, ಡ್ರೆಂಟೆ ಆರ್ಕೈವ್‌ನವ್ರದ್ದು, ಹೆಸರು ಹಾಕಿದ್ರೆ ಮೂಲ ಪುಟದ ಸ್ಕ್ಯಾನೇ ಸಿಗುತ್ತೆ, ಫ್ರೀ. ಇಡೀ ದೇಶಕ್ಕೆ ವೀ ವಾಸ್ ವೀ ಅಂತ ಇನ್ನೊಂದಿದೆ.

1860ರ ಒಂದು ಜನನ ದಾಖಲೆವರೆಗೆ ಸಲೀಸಾಗಿ ಹೋದೆ. ಅದ್ರಲ್ಲಿ ಅಪ್ಪನ ಹೆಸರು ಹಾರ್ಮ್, ವಯಸ್ಸು 31, ಕೂಲಿ ಕೆಲಸ, ಅಂತ. (ಮನೆತನದ ಹೆಸರು ಬರೆಯಲ್ಲ, ಆ ಮನೆಯವ್ರು ಊರ ತುಂಬ ಇದಾರೆ.) ಸರಿ, ಈ ಹಾರ್ಮ್ ಮದುವೆ ಹುಡುಕಿದೆ, ಸಿಗಲಿಲ್ಲ. ಸಿಗದಿದ್ರೆ ಬಿಡು ಅಂತ ನೇರ ಅವನ ಹುಟ್ಟು ಹುಡುಕಿದೆ, ಅದೇ ಊರು, ಅದೇ ಮನೆತನ, ಹಾರ್ಮ್, 1826, ತಂದೆ ಬೆರೆಂಡ್. ಮೊದಲು ಸಿಕ್ಕಿದ್ದಕ್ಕೇ ನಿಲ್ಲಿಸಿಬಿಟ್ಟೆ. 1860ಕ್ಕೆ ಅವನಿಗೆ 34 ಆಗ್ಬೇಕಲ್ಲ, 31 ಅಂತಿದೆಯಲ್ಲ ಅನ್ನೋದು ಕಣ್ಣಿಗೆ ಬಿತ್ತು, ಆದ್ರೆ ನಾನು ನಮ್ಮೂರ ಲೆಕ್ಕ ಹಾಕಿದೆ. ನಮ್ಮಜ್ಜ, ದೊಡ್ಡಪ್ಪ, ಅಪ್ಪ ಎಲ್ರೂ ಸ್ಕೂಲ್ ದಾಖಲೆ ಪ್ರಕಾರ ಜೂನ್ 1ಕ್ಕೇ ಹುಟ್ಟಿದವ್ರು, ಹೆಡ್‌ಮಾಸ್ಟ್ರು ಬಾಯಿಗೆ ಬಂದ ವರ್ಷ ಬರ್ಕೊಂಡಿದ್ರು, ಹಳ್ಳಿಯವ್ರಿಗೆ ಮೂರು ವರ್ಷ ಹೆಚ್ಚುಕಮ್ಮಿ ಯಾವ ಲೆಕ್ಕ ಅಂತ. ಅಲ್ಲೇ ಎಡವಿದ್ದು. ಇಲ್ಲಿ 1829ರ ಕೂಲಿಯವನಿಗೂ ಹುಟ್ಟಿದ ತಾರೀಕು ಪಕ್ಕಾ ಇದೆ, ಮಗು ಹುಟ್ಟಿ ಮೂರು ದಿನದೊಳಗೆ ಅಪ್ಪ ಹೋಗಿ ಬರೆಸ್ತಿದ್ದ.

ತಪ್ಪು ಗೊತ್ತಾಗಿದ್ದೂ ಅಕಸ್ಮಾತ್ತಾಗಿ. ಬೇರೆ ಯಾರನ್ನೋ ಹುಡುಕ್ತಾ ಸಾವಿನ ಪಟ್ಟಿ ತಿರುವ್ತಿದ್ದೆ, ಹಾರ್ಮ್, ಬೆರೆಂಡ್‌ನ ಮಗ, 1828, ವಯಸ್ಸು ಎರಡು. ಚಹಾ ಹಾಗೇ ತಣ್ಣಗಾಯ್ತು.

ಆಗ ಸರ್‌ನೇಮ್ ಕೈಬಿಟ್ಟೆ. ಬರೀ ಗಂಡನ ಹೆಸರು ಹಾರ್ಮ್, ಹೆಂಡ್ತಿ ಹೆಸರು ಆಲ್ಟ್ಯೆ, 1845ರಿಂದ 1860, ಡ್ರೆಂಟೆ, ಅಷ್ಟೇ ಹಾಕಿ ಹುಡುಕಿದೆ. ಸಿಕ್ತು, ಪಕ್ಕದ ಊರಾಫೀಸಲ್ಲಿ, ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಲ್ಲಿ ಆಗೋದು ಅನ್ನೋದನ್ನ ಮರೆತಿದ್ದೆ, ಅದೂ ಅಲ್ದೆ ಅಲ್ಲಿನ ಗುಮಾಸ್ತ ಮನೆತನದ ಹೆಸರಿನ ಕೊನೆಯ ಅಕ್ಷರ ಬೇರೆ ಬರೆದಿದ್ದ. 1853, ವರನ ವಯಸ್ಸು 24, ತಂದೆ ಯಾನ್. ಈ ಯಾನ್ ಆ ಬೆರೆಂಡ್‌ನ ಅಣ್ಣ. ಇಬ್ರೂ ತಮ್ಮ ಅಪ್ಪನ ಹೆಸರನ್ನೇ ಮಗನಿಗೆ ಇಟ್ಟಿದಾರೆ, ಮೊದಲ ಮಗನಿಗೆ ಗಂಡನ ಅಪ್ಪನ ಹೆಸರು, ಎರಡನೆಯವನಿಗೆ ಹೆಂಡತಿಯ ಅಪ್ಪನದು ಅನ್ನೋದು ಇಲ್ಲಿನ ಪದ್ಧತಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ನಮ್ಮಂಥವ್ರಿಗೆ ಇದು ಮೊದಲೇ ಹೊಳೀಬೇಕಿತ್ತು. ನಾನು ಹುಡುಕಿದ್ದ ಬೆರೆಂಡ್ ಹೆಂಡತಿ ಕಡೆಯವ್ರು ಕುದುರೆ ಇದ್ದ ದೊಡ್ಡ ರೈತರು, ಮಾವ ಖುಷಿಯಾಗಿದ್ದು ಅದಕ್ಕೇ. ಯಾನ್ ಹೆಂಡ್ತಿ ಕೂಲಿಯವಳು, ಮಗನ ಮದುವೆ ದಾಖಲೆ ಕೆಳಗೆ ಅವಳ ಸಹಿ ಇರ್ಬೇಕಾದ ಕಡೆ "ಬರೆಯಲು ಬಾರದೆಂದು ತಿಳಿಸಿದರು" ಅಂತ ಗುಮಾಸ್ತನೇ ಬರೆದಿದಾನೆ.

ಇನ್ನು ನನ್ನ ಮೆಚ್ಚಿನ ವಿಷಯ, ಮದುವೆ ಫೈಲಿನ ಜೊತೆ ಲಗತ್ತಿಸಿರೋ ಕಾಗದಗಳು. ಮದುವೆ ದಾಖಲೆ ನೋಡಿ ಸಾಕು ಅಂತ ಎದ್ದು ಬರೋರೇ ಜಾಸ್ತಿ. ಲಗತ್ತುಗಳಲ್ಲಿ ವಧೂವರರ ಜನನದ ನಕಲು, ಅಪ್ಪ ಅಮ್ಮ ತೀರ್ಕೊಂಡಿದ್ರೆ ಅವರ ಮರಣದ ನಕಲು, ಕೆಲವೊಮ್ಮೆ ಅಜ್ಜ ಅಜ್ಜಿದೂ, ಬಡವರಾದ್ರೆ ಇವರಿಗೆ ಶುಲ್ಕ ಬೇಡ ಅನ್ನೋ ಪತ್ರ, ಗಂಡಿಗಾದ್ರೆ ಸೈನ್ಯದ ಬಾಧ್ಯತೆ ಮುಗಿದಿದೆ ಅನ್ನೋ ಸರ್ಟಿಫಿಕೇಟ್. ಈ ಸೈನ್ಯದ ಕಾಗದದಲ್ಲಿ ಆಳಿನ ವರ್ಣನೆ ಇರುತ್ತೆ! ಫೋಟೋ ಇಲ್ಲದ ಕಾಲ ನೋಡಿ. ನಮ್ಮ ಹಾರ್ಮ್: ಮುಖ ಉದ್ದ, ಹಣೆ ಸಾಧಾರಣ, ಕಣ್ಣು ನೀಲಿ, ಕೂದಲು ಕಂದು, ವಿಶೇಷ ಗುರುತು ಸಿಡುಬಿನ ಕಲೆ. ಎತ್ತರ 1 ಎಲ್, 5 ಪಾಮ್, 9 ಡೌಮ್. ಏನಪ್ಪಾ ಇದು ಮೊಳ, ಗೇಣು, ಬೆರಳಿನ ಲೆಕ್ಕ ಅಂತ ಒದ್ದಾಡಿದೆ, ಆಮೇಲೆ ನೋಡಿದ್ರೆ ಮೆಟ್ರಿಕ್ ಬಂದ ಮೇಲೂ ಡಚ್ಚರು ಹಳೇ ಹೆಸರುಗಳನ್ನೇ ಅದಕ್ಕೆ ಹಾಕ್ಕೊಂಡಿದ್ರು, ಎಲ್ ಅಂದ್ರೆ ಮೀಟರ್, ಪಾಮ್ ಹತ್ತು ಸೆಂಟಿಮೀಟರ್, ಡೌಮ್ ಒಂದು ಸೆಂಟಿಮೀಟರ್. ಅಂದ್ರೆ ಆಸಾಮಿ ಒಂದು ಮೀಟರ್ 59. ನನ್ನ ಗಂಡ 1.94, ಬಾಗಿಲ ಚೌಕಟ್ಟಿಗೆ ತಲೆ ಹೊಡಿಸ್ಕೊಳ್ಳೋ ಪೈಕಿ. ನಾನು ಹಾರ್ಮ್‌ಗಿಂತ ಉದ್ದ ಇದೀನಿ ಅಂತ ಗೊತ್ತಾದ ಮೇಲೆ ಈ ಮನೇಲಿ ನನ್ನ ಮರ್ಯಾದೆ ಸ್ವಲ್ಪ ಏರಿದೆ.

ಸಾವಿನ ದಾಖಲೆ ತರೋ ವಿಷಯವೂ ಸಣ್ಣದಲ್ಲ. ಬರೆಸೋಕೆ ಹೋಗ್ತಿದ್ದವ್ರು ಎಷ್ಟೋ ಸಲ ನೆರೆಮನೆಯವ್ರು. ಡ್ರೆಂಟೆಯಲ್ಲಿ ನಾಬರ್ ಅಂತಾರೆ, ಪಕ್ಕದ ಮನೇಲಿ ಸಾವಾದ್ರೆ ಹೆಣ ತೊಳೆಯೋದ್ರಿಂದ ಹಿಡಿದು ಊರಿಗೆ ಸುದ್ದಿ ಮುಟ್ಟಿಸೋವರೆಗೆ ಎಲ್ಲ ನಾಬರ್ ಕರ್ತವ್ಯ. ಹಾಗಾಗಿ ಮೂರ್ನಾಕು ಸಾವಿನ ದಾಖಲೆ ಅಕ್ಕಪಕ್ಕ ಇಟ್ಕೊಂಡು ಕೆಳಗಿನ ಎರಡು ಹೆಸರು ನೋಡಿದ್ರೆ ಯಾರ ಮನೆ ಯಾರ ಪಕ್ಕ ಇತ್ತು ಅಂತ ಗೊತ್ತಾಗುತ್ತೆ, ಒಂದೇ ಹೆಸರಿನ ಇಬ್ರು ಇದ್ದಾಗ ಬೇರೆ ಮಾಡೋಕೆ ಇದಕ್ಕಿಂತ ಒಳ್ಳೇ ದಾರಿ ನಂಗೆ ಸಿಕ್ಕಿಲ್ಲ.

1811ಕ್ಕಿಂತ ಹಿಂದೆ ಹೋದ್ರೆ ಸರ್‌ನೇಮೇ ಮಾಯ. ಯಾನ್ ಹಾರ್ಮ್ಸ್ ಅಂದ್ರೆ ಹಾರ್ಮ್ ಮಗ ಯಾನ್. ಅವನಪ್ಪ ಹಾರ್ಮ್ ಯಾನ್ಸ್. ಅವನಪ್ಪ ಮತ್ತೆ ಯಾನ್ ಹಾರ್ಮ್ಸ್. ಇನಿಷಿಯಲ್ ಹಾಕ್ಕೊಂಡು ಬೆಳೆದ ನಂಗೆ ಇದು ಅರ್ಥ ಆಯ್ತು, ಗಂಡನಿಗೆ ಇವತ್ತಿಗೂ ಗೊಂದಲ. ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಹೋಗಿ ನಾನು ಪಟ್ಟ ಪಾಡೇ ಇವರೆಲ್ಲ 1811ರಲ್ಲಿ ಪಟ್ಟಿರ್ತಾರೆ. ಈ ಕಾಲಕ್ಕೆ ಚರ್ಚಿನ ದೀಕ್ಷಾಸ್ನಾನ ಮತ್ತೆ ಮದುವೆ ಪುಸ್ತಕಗಳು, ಅದ್ರಲ್ಲೂ ಕೆಲವು ಪಾದ್ರಿಗಳು ಅಪ್ಪನ ಹೆಸರು ಮಾತ್ರ ಬರೆದು ಹೆತ್ತವಳನ್ನ ಬಿಟ್ಟೇಬಿಟ್ಟಿದಾರೆ. ಇನ್ನೊಂದು ಡ್ರೆಂಟೆಯವ್ರ ಭಾಗ್ಯ ಒಲೆ ತೆರಿಗೆ ಪಟ್ಟಿ, 1742ರಲ್ಲಿ ಒಂದು, ಆಮೇಲೆ 1754ರಿಂದ 1804ರವರೆಗೆ ಹತ್ತು ವರ್ಷಕ್ಕೊಂದು, ಪ್ರತಿ ಮನೆ ಯಜಮಾನನ ಹೆಸರು ಊರುವಾರು. ಹಾರ್ಮ್ ಯಾನ್ಸ್ 1794ರಲ್ಲೂ 1804ರಲ್ಲೂ ಇದಾನೆ, ಸಣ್ಣ ಹಿಡುವಳಿಯವನು. ಮರಳಿನವ್ರು ಅನ್ನೋ ಮಾವನ ಹೆಮ್ಮೆ ಅಲ್ಲಿಗೆ ಅರ್ಧ ಆಯ್ತು.

ಕೈಬರಹದ ಕಷ್ಟ ಕೇಳ್ಬೇಡಿ. ಇಲ್ಲಿ ನೆಲೆಸೋಕೆ ಅಂತ ಪರೀಕ್ಷೆಗೆ ಕಲಿತ ಡಚ್ ಇಟ್ಕೊಂಡು ಹೋದ್ರೆ ಮೊದಲ ಪುಟದಲ್ಲೇ ಶರಣು. ತಿಂಗಳ ಹೆಸರೇ ಬೇರೆ, ಏಪ್ರಿಲ್‌ಗೆ ಹುಲ್ಲಿನ ತಿಂಗಳು, ಜುಲೈಗೆ ಒಣಹುಲ್ಲಿನ ತಿಂಗಳು, ನವೆಂಬರ್‌ಗೆ ಕಡಿಯೋ ತಿಂಗಳು, ಚಳಿಗಾಲಕ್ಕೆ ಹಂದಿ ಕಡಿತಿದ್ರಲ್ಲ ಅದಕ್ಕೆ. ಟ್ರಾನ್ಸ್‌ಕ್ರಿಬಸ್ ಅನ್ನೋ ಸಾಫ್ಟ್‌ವೇರ್ ಹಳೇ ಕೈಬರಹ ಓದುತ್ತೆ, ಮುಕ್ಕಾಲು ಪಾಲು ಸರಿ, ಆದ್ರೆ ಹೆಸರುಗಳಲ್ಲೇ ಎಡವುತ್ತೆ, ನಮಗೆ ಬೇಕಾದ್ದೇ ಹೆಸರು.

ಅತ್ತೆ ಕಡೆದು ಕೊನೆಗೆ ಇಟ್ಕೊಂಡಿದ್ದೆ, ಪೀಟ್ ಕೂಲಿಗಳದ್ದು ಏನು ಸಿಗುತ್ತೆ ಅಂತ. ವ್ಯಾನ್ ಗೋ 1883ರಲ್ಲಿ ಮೂರು ತಿಂಗಳು ಡ್ರೆಂಟೆಯಲ್ಲಿದ್ದಾಗ ಬರೆದ ಹುಲ್ಲುಮಣ್ಣಿನ ಗುಡಿಸಲುಗಳಿವೆಯಲ್ಲ, ಅಂಥದ್ರಲ್ಲಿದ್ದವ್ರು. ಅವರ ಮನೇಲಿ ಒಂದು ಮಾತಿತ್ತು, ನಮ್ಮ ಹಿರಿಯಜ್ಜಿ ವೇನ್‌ಹೌಜನ್‌ನಲ್ಲಿ ಕೆಲಸಕ್ಕಿದ್ಲು ಅಂತ. 1818ರಲ್ಲಿ ಯೊಹಾನ್ನೆಸ್ ವಾನ್ ಡೆನ್ ಬೊಶ್ ಅನ್ನೋ ಸೇನಾಧಿಕಾರಿ ಬಡವರನ್ನ ಬೀಳುನೆಲದಲ್ಲಿ ದುಡಿಸಿ ಉದ್ಧಾರ ಮಾಡ್ತೀನಿ ಅಂತ ಕಾಲೊನಿಗಳನ್ನ ಶುರು ಮಾಡಿದ, 2021ರಲ್ಲಿ ಅವು ಯುನೆಸ್ಕೋ ಪಟ್ಟಿ ಸೇರಿವೆ. ವೇನ್‌ಹೌಜನ್ ಅದ್ರಲ್ಲಿ ಬಲವಂತದ್ದು, ಭಿಕ್ಷುಕರು, ಅನಾಥ ಮಕ್ಕಳು. ಕಾಲೊನಿಯವ್ರ ರಿಜಿಸ್ಟರ್‌ಗಳು ಆಸೆನ್ ಆರ್ಕೈವಲ್ಲೇ ಇವೆ, ಹೆಸರಿಂದ ಹುಡುಕಬಹುದು. ಹಿರಿಯಜ್ಜಿ ಸಿಕ್ಕಿದ್ಲು. ಕೆಲಸಕ್ಕಲ್ಲ, 1820ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅನಾಥಾಲಯದಿಂದ ಕಳಿಸಿದ ಮಕ್ಕಳ ಪಟ್ಟಿಯಲ್ಲಿ, ಒಂಬತ್ತು ವರ್ಷ, ಹೆಸರಿನ ಮುಂದೆ ಒಂದು ನಂಬರ್.

ಅತ್ತೆಗೆ ಹೇಳೋದೋ ಬೇಡ್ವೋ ಅಂತ ಒಂದು ವಾರ ಯೋಚಿಸ್ದೆ. ಹೇಳಿದಾಗ ಅವರು ಕಾಫಿ ಕಪ್ ಕೆಳಗಿಟ್ಟು, ನಾಳೆ ಹೋಗೋಣ ಅಂದ್ರು ಅಷ್ಟೇ. ಹೋದ್ವಿ. ಮೂರು ದೊಡ್ಡ ಕಟ್ಟಡಗಳಲ್ಲಿ ಉಳಿದಿರೋದು ಒಂದು, ಈಗ ಜೈಲು ಮ್ಯೂಸಿಯಂ. ಊರಿನ ಮನೆಗಳ ಮೇಲೆ ದೊಡ್ಡಕ್ಷರದಲ್ಲಿ ಬುದ್ಧಿಮಾತು ಕೆತ್ತಿದಾರೆ, ಆಮೇಲಿನ ಕಾಲದ್ದು, ಒಂದು ಮನೆ ಮೇಲೆ ಬಿಟ್ಟರ್ ಎನ್ ಜೂಟ್ ಅಂತ, ಕಹಿ ಮತ್ತು ಸಿಹಿ, ಅದು ಔಷಧಿಯವನ ಮನೆ. ನಾನು ಯುಗಾದಿ ಬೇವುಬೆಲ್ಲದ ಕಥೆ ಹೇಳಿದೆ, ಅತ್ತೆ ಕೇಳಿಸ್ಕೊಂಡ್ರೋ ಇಲ್ವೋ. ವಾಪಸ್ ಬರ್ತಾ ಕಾರಲ್ಲಿ, ಆ ಮಗುವಿಗೆ ಅಮ್ಮ ಅಂತ ಒಬ್ಬಳು ಇದ್ದಿರ್ಬೇಕಲ್ಲಾ, ಅವಳ ಹೆಸರು ಬೇಕು ನಂಗೆ ಅಂದ್ರು.

ಆ ಅನಾಥಾಲಯದ ಪುಸ್ತಕಗಳು ಆಮ್‌ಸ್ಟರ್‌ಡ್ಯಾಮ್ ನಗರ ಆರ್ಕೈವಲ್ಲಿವೆ, ಈಗ ಅದನ್ನೇ ಓದ್ತಿದೀನಿ. ಅಲ್ಲಿನ ಗುಮಾಸ್ತನ ಅಕ್ಷರ ಡ್ರೆಂಟೆಯವನಿಗಿಂತ ಕೆಟ್ಟದು, ಸಂಜೆಗೆ ಎರಡು ಪುಟ ಆದ್ರೆ ಹೆಚ್ಚು, ಅತ್ತೆ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಯಾವ ಪುಟದಲ್ಲಿದೀಯ ಅಂತ ಕೇಳ್ತಾರೆ.