ಕಡಲನ್ನು ಎಡಕ್ಕಿಟ್ಟು ಊರಿಗೆ ಬಂದದ್ದು

"ಕಾಸರಗೋಡಿನಲ್ಲಿ ಕಡಲ ಬದಿ ರಸ್ತೆ ಎಲ್ಲುಂಟು ಭಾವ? ಹೋದಲ್ಲೆಲ್ಲ ಹೊಳೆ, ಹೊಳೆಗೊಂದು ಅಳಿವೆ. ಕಾರಲ್ಲಿ ಕೂತು ಕಡಲು ನೋಡಬೇಕಾದರೆ ಸುಮ್ನೆ ಮರವಂತೆಗೆ ಹೋಗಿ" ಎಂದವನು ನನ್ನ ಹೆಂಡತಿಯ ತಮ್ಮ. ಅವನ ಮಾತು ಅರ್ಧ ಸರಿ. ಜಿಲ್ಲೆಯಲ್ಲಿ 12 ಹೊಳೆಗಳಿವೆ. ಒಂದೊಂದರ ಅಳಿವೆಯಲ್ಲೂ ಕಡಲ ರಸ್ತೆ ತುಂಡಾಗುತ್ತದೆ, ಒಳಗೆ ಬಂದು ಸೇತುವೆ ಹಿಡಿಯಬೇಕು. ಆದರೆ ಹೋದ ನವೆಂಬರಿನಲ್ಲಿ ಅವನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಣ್ಣೂರು ಕಡೆಯಿಂದ ಉಪ್ಪಳದವರೆಗೆ ಬಂದಿದ್ದೇನೆ. ಈಗ ಅವನು ಆ ಮಾತು ಎತ್ತುವುದಿಲ್ಲ.

ಗುಟ್ಟು ಏನೂ ಇಲ್ಲ, ದಿಕ್ಕು ಮಾತ್ರ. ಎಲ್ಲರೂ ಕರ್ನಾಟಕ ಗಡಿಯ ತಲಪಾಡಿಯಿಂದ ತೆಂಕು ಮುಖ ಮಾಡಿ ಹೊರಡುತ್ತಾರೆ. ಆಗ ಕಡಲು ಬಲಕ್ಕೆ, ಎದುರು ಬರುವ ಬಸ್ಸು, ಟಿಪ್ಪರುಗಳ ಆಚೆ. ಚಂದದ ಜಾಗ ಕಂಡರೂ ರಸ್ತೆ ಅಡ್ಡ ದಾಟಿ ನಿಲ್ಲಿಸುವ ಹೊತ್ತಿಗೆ ಅದು ಹಿಂದೆ ಹೋಗಿರುತ್ತದೆ. ನಾನೂ ಕೆಲವು ವರ್ಷ ಹಾಗೆಯೇ ಹೋದವನು. 66ನೇ ಹೆದ್ದಾರಿಯ ಧೂಳು ಕುಡಿದದ್ದೇ ಬಂತು. ಆರು ಪಥವಾದ ಮೇಲೆ ಇನ್ನೂ ಕಷ್ಟ, ಅಂಡರ್‌ಪಾಸ್ ತಪ್ಪಿದರೆ ಪಡುವಣಕ್ಕೆ ತಿರುಗಲು ಮತ್ತೆಷ್ಟೋ ದೂರ ಹೋಗಬೇಕು. ಅದೂ ಆದರೆ ರೈಲ್ವೆ ಗೇಟು.

ಈಗ ಮಾಡುವುದು ಇಷ್ಟು. ಹಿಂದಿನ ದಿನ ಮಧ್ಯಾಹ್ನವೇ ತಲಪಾಡಿಯ ಆಚೆ ಹೋಗಿ ಟ್ಯಾಂಕ್ ತುಂಬಿಸಿ (ಲೀಟರಿಗೆ ನಾಲ್ಕೈದು ರೂಪಾಯಿ ಉಳಿತಾಯ, ನಮ್ಮೂರಿನವರಿಗೆ ಇದನ್ನು ಹೇಳಿಕೊಡಬೇಕಾ!), ಹೆದ್ದಾರಿಯಲ್ಲೇ ಒಂದೇ ಓಟಕ್ಕೆ ಕಣ್ಣೂರು. ಅಲ್ಲಿ 1,200 ರೂಪಾಯಿ ಆಸುಪಾಸಿನ ಒಂದು ರೂಮು. ಬೆಳಗಾಗುವಾಗ ಕಣ್ಣೂರಿನ ತೆಂಕಿಗೆ, ಮರಳ ಮೇಲೆಯೇ ಕಾರು ಓಡಿಸಬಹುದಾದ ಮುಳಪ್ಪಿಲಂಗಾಡಿಗೆ ಇಳಿದು, ಅಲ್ಲಿಂದ ಬಡಗಿಗೆ ತಿರುಗಿದರೆ ಕಡಲು ಎಡಕ್ಕೆ, ನಮ್ಮ ಪಕ್ಕದಲ್ಲೇ. ಎಲ್ಲಿ ಬೇಕಾದರೂ ಬದಿಗೆ ಹಾಕಬಹುದು. ಬೆಳಗ್ಗೆ ಬಿಸಿಲು ಗುಡ್ಡೆ ಕಡೆಯಿಂದ ಬೀಳುವುದರಿಂದ ನೀರು ಕಣ್ಣಿಗೆ ಕುಕ್ಕುವುದಿಲ್ಲ, ತಳದ ಕಲ್ಲಿನವರೆಗೆ ಬಣ್ಣ ಕಾಣುತ್ತದೆ.

ಮುಳಪ್ಪಿಲಂಗಾಡಿನಲ್ಲಿ ಸುಮಾರು ನಾಲ್ಕು ಕಿಲೋಮೀಟರು ಗಟ್ಟಿ ಮರಳು, ಎರಡು ತುದಿಗೂ ಕರಿ ಬಂಡೆ. ಕಡಲ ಇಳಿತದ ಹೊತ್ತು ನೋಡಿಯೇ ಕಾರು ಇಳಿಸಬೇಕು. ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ತಡವಾಗುತ್ತದೆ ಎಂಬ ಲೆಕ್ಕ ಇಟ್ಟುಕೊಂಡರೆ ಹೊರಡುವ ದಿನವನ್ನು ಮನೆಯಲ್ಲೇ ಗೊತ್ತುಮಾಡಬಹುದು. ಒಮ್ಮೆ ನೀರು ಏರುವಾಗ ನನ್ನ ಹಳೇ ಆಲ್ಟೊ ಹೂತು, ಜೀಪಿನವನಿಗೆ 600 ಕೊಟ್ಟು ಎಳೆಸಿಕೊಂಡಿದ್ದೆ. ಆಮೇಲೆ ಮುಂದಿನ ಚಕ್ರಗಳ ಗಾಳಿಯನ್ನು 30ರಿಂದ 20ರ ಒಳಗೆ ಇಳಿಸಲು ಶುರು ಮಾಡಿದೆ. ಆಲ್ಟೊ ಎಳೆಯುವುದು ಮುಂದಿನ ಚಕ್ರದಿಂದ ಅಲ್ವಾ. ಕಾಲಲ್ಲಿ ಒತ್ತುವ ಪಂಪು ಡಿಕ್ಕಿಯಲ್ಲಿರಲಿ. ಮರಳಲ್ಲಿ ಕಾರು ತಿರುಗಿಸುವಾಗ ನಾನು ಮಾಡುವ ಒಂದು ಉಪಾಯ ಉಂಟು, ಅದು ಜೊತೆಗೆ ಬಂದವರಿಗೆ ಮಾತ್ರ.

ಉಪ್ಪಿನ ಕಾಟ ಬೇರೆ. ಗ್ಯಾರೇಜಿನವರೊಬ್ಬರು ತುಕ್ಕು ಹಿಡಿದ ಬ್ರೇಕ್ ಡ್ರಮ್ಮಿಗೆ ಆರು ಸಾವಿರದ ಹತ್ತಿರ ಬಿಲ್ಲು ಕೊಟ್ಟರು, ಎರಡು ತಿಂಗಳಿಗೆ ಅದೇ ಕಿರ್ ಶಬ್ದ. ಯಾರೋ ಅಡಿಭಾಗಕ್ಕೆ ತೆಂಗಿನೆಣ್ಣೆ ಬಳಿಯಿರಿ ಎಂದರು. ನಮ್ಮಲ್ಲಿ ಕೊಬ್ಬರಿಗೇನು ಬರವೇ, ಅದನ್ನೂ ಮಾಡಿ ನೋಡಿದೆ. ತುಕ್ಕಿನ ವಿಷಯ ಗೊತ್ತಾಗುವ ಮೊದಲೇ ಇಲಿಗಳು ಪರಿಮಳಕ್ಕೆ ಬಂದು ಒಳಗಿನ ವೈರು ಕಡಿದವು. ಈಗ ಅದೇ ರಾತ್ರಿ, ಎಷ್ಟೇ ಸುಸ್ತಾದರೂ, ಬಾವಿ ಪಂಪಿನ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತೇನೆ. ಖರ್ಚಿಲ್ಲ, ಶಬ್ದವೂ ಇಲ್ಲ.

ಕಣ್ಣೂರು ದಾಟಿ ವಳಪಟ್ಟಣದ ಸೇತುವೆ ಆದ ಮೇಲೆ ಹೆದ್ದಾರಿ ಬಿಟ್ಟು ಪಾಪಿನಿಶ್ಶೇರಿಯಿಂದ ಪಳಯಂಗಾಡಿ ರಸ್ತೆ ಹಿಡಿಯಿರಿ. ಅಲ್ಲಿಂದ ಎಟ್ಟಿಕ್ಕುಳಂ ಕಡೆ. ನೇರ ಓಡುವ ಕರಾವಳಿಗೆ ಏಳಿಮಲ ಒಮ್ಮೆಲೇ ಅಡ್ಡ ನಿಲ್ಲುತ್ತದೆ, ಗುಡ್ಡೆ ನೇರ ನೀರಿಗೆ ಇಳಿಯುತ್ತದೆ. 2009ರಲ್ಲಿ ಉದ್ಘಾಟನೆಯಾದ ನೌಕಾ ಅಕಾಡೆಮಿ ಅಲ್ಲೇ ಇರುವುದರಿಂದ ತುದಿಯವರೆಗೆ ಬಿಡುವುದಿಲ್ಲ. ಬೇಲಿ ಕಂಡಲ್ಲಿ ಮೊಬೈಲು ಕಿಸೆಗೆ.

ಮಧ್ಯಾಹ್ನದ ಬಿಸಿಲಲ್ಲಿ ಕಡಲು ನೋಡಿ ಸುಖವಿಲ್ಲ. ಆ ಹೊತ್ತನ್ನು ನಾನು ಪಡನ್ನ, ವಲಿಯಪರಂಬಕ್ಕೆ ಇಡುತ್ತೇನೆ. ವಲಿಯಪರಂಬ ಎಂದರೆ ಉದ್ದಕ್ಕೆ 24 ಕಿಲೋಮೀಟರಿನ ನೆಲದ ಪಟ್ಟಿ, ಪಡುವಣಕ್ಕೆ ಕಡಲು, ಮೂಡಣಕ್ಕೆ ಹಿನ್ನೀರು. ನಡುವಿನ ರಸ್ತೆಯಲ್ಲಿ ಎರಡು ಆಟೋ ಎದುರಾದರೆ ಒಂದು ಯಾರದ್ದಾದರೂ ಅಂಗಳಕ್ಕೆ ಹತ್ತಬೇಕು. ತೆಂಕಿನ ತುದಿಯಲ್ಲಿ ರಸ್ತೆ ಮುಗಿಯುತ್ತದೆ, ಬಂದ ದಾರಿಯಲ್ಲೇ ವಾಪಸ್. ಪಡನ್ನದ ಹಿನ್ನೀರಿನಲ್ಲಿ ಕಂಬ ನೆಟ್ಟು, ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ (ತಿನ್ನುವ ಒಂದು ಜಾತಿಯ ಚಿಪ್ಪು) ಬೆಳೆಸುತ್ತಾರೆ. ಮಳೆಗೆ ಮೊದಲು ಹೋದಾಗ ಒಬ್ಬರು ಹಗ್ಗ ಎತ್ತಿ ತೋರಿಸಿದರು. ಹಗ್ಗವೇ ಕಾಣದಷ್ಟು ಹಸಿರು ಚಿಪ್ಪು ಒತ್ತೊತ್ತಾಗಿ ಕೂತಿತ್ತು, ಒಂದನ್ನು ಕಿತ್ತರೆ ಕಪ್ಪು ನಾರು ಹಗ್ಗದಲ್ಲೇ ಉಳಿಯಿತು. ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಊಟ, ಹುರಿದ ಕಲ್ಲುಮ್ಮಕ್ಕಾಯಿ ಸೇರಿ ನಾಲ್ಕು ಜನಕ್ಕೆ ಎಂಟುನೂರರ ಸುಮಾರು.

ಮಳೆಗಾಲದಲ್ಲೂ ಒಮ್ಮೆ ಹೋಗಿ ನೋಡಿದೆ. ಕಡಲಿನ ಅಬ್ಬರ ನೋಡಲು ಅದೇ ಕಾಲ, ಒಪ್ಪುತ್ತೇನೆ. ಆದರೆ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ (ದೊಡ್ಡ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಒಳ್ಳೆ ಮೀನಿಗೆ ಬೆಂಕಿಯಂಥ ರೇಟು. ವೈಪರು ಒರೆಸಿದಷ್ಟೂ ಉಪ್ಪು ನೀರಿನ ಪೊರೆ. ಮಕ್ಕಳನ್ನು ಕಾರಿನಿಂದ ಇಳಿಸಲೂ ಭಯ. ಮತ್ತೆ ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಬೇಕಲ ತಲುಪಬೇಕು, ಅದು ಕಟ್ಟುನಿಟ್ಟು. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಪೂರಾ ಮುರಕಲ್ಲು (ಜಂಬಿಟ್ಟಿಗೆ). 25 ರೂಪಾಯಿ ಟಿಕೆಟು. ಪಡುವಣ ಬಿಸಿಲು ನೇರ ಗೋಡೆಗೆ ಹೊಡೆದಾಗ ಕಲ್ಲಿನ ತೂತು ತೂತೂ ಎಣಿಸಬಹುದು. ತಲಪಾಡಿಯಿಂದ ಬೆಳಗ್ಗೆ ಹೊರಟವರು ಇಲ್ಲಿಗೆ ಹನ್ನೊಂದಕ್ಕೆ ಬಂದು, ನೆರಳಿಲ್ಲದೆ ಬೆಂದು, ಐಸ್‌ಕ್ರೀಮ್ ತಿಂದು ಹೋಗುತ್ತಾರೆ. ಆಮೇಲೆ ಕಪ್ಪಿಲ್, ಕೋಡಿ ಕಡೆಯ ಮುರಕಲ್ಲಿನ ಕಡಿದಾದ ಬರೆಗಳು. ಸೂರ್ಯ ಮುಳುಗುವಾಗ ನಾನು ನಿಲ್ಲುವ ಜಾಗ ಅಲ್ಲೇ ಒಂದು ಕಡೆ ಉಂಟು. ಹೆಸರು ಹೇಳುವುದಿಲ್ಲ, ಈಗಲೇ ಬಾಟ್ಲಿ ಬೀಳಲು ಶುರುವಾಗಿದೆ.

ಪೆಟ್ರೋಲು, ರೂಮು, ಊಟ ಎಲ್ಲಾ ಸೇರಿ ನಾಲ್ಕು ಜನಕ್ಕೆ ನಾಲ್ಕು ಸಾವಿರದ ಆಚೀಚೆ ಆಯಿತು.

ಚಂದ್ರಗಿರಿ ಸೇತುವೆ ದಾಟುವಾಗ ಕತ್ತಲಾಗುತ್ತದೆ. ಹಾಗಾಗಿ ಮೊಗ್ರಾಲ್, ಕುಂಬಳೆ, ಶಿರಿಯ, ಉಪ್ಪಳದ ತುಂಡುಗಳನ್ನು ಮರುದಿನ ಬೆಳಗ್ಗೆ ಮನೆಯಿಂದಲೇ ಹೋಗಿ ಮುಗಿಸುತ್ತೇನೆ. ಇಲ್ಲಿ ರೈಲು ಹಳಿಯ ಪಡುವಣ ಬದಿಗೆ ಸಿಕ್ಕಿದಲ್ಲೆಲ್ಲ ದಾಟಿಕೊಳ್ಳಿ. ಉಪ್ಪಳದ ಮೂಸೋಡಿ ಕಡೆ ಮಾತ್ರ ಮೊದಲು ಮೀನಿನವರನ್ನು ಕೇಳಿ. ಮಳೆಗಾಲದ ಕಡಲ್ಕೊರೆತಕ್ಕೆ ಅಲ್ಲಿ ಹೋದ ವರ್ಷ ಇದ್ದ ದಾರಿ ಈ ವರ್ಷ ಇರುತ್ತದೆ ಎಂದು ಹೇಳಲು ಬರುವುದಿಲ್ಲ.