ಗಂಟೆಗೊಂದು ಹಲಗೆ: ಬಯಲಿನಲ್ಲಿ ಲ್ಯಾಂಡ್‌ಸ್ಕೇಪ್ ಬರೆದ ನನ್ನ ಅನುಭವ

ಸ್ಥಳದಲ್ಲೇ ನಿಂತು ಲ್ಯಾಂಡ್‌ಸ್ಕೇಪ್ (ನಿಸರ್ಗದ ಚಿತ್ರ) ಬರೆದು ಅದರಿಂದಲೇ ಹೊಟ್ಟೆ ಹೊರೆಯುತ್ತೇನೆಂದಾಗ ಜೊತೆಯ ಕಲಾವಿದರು ನಂಬಲಿಲ್ಲ. ಫೋಟೋ ಇಟ್ಟುಕೊಂಡು ಸ್ಟುಡಿಯೋದಲ್ಲಿ ದೊಡ್ಡ ಕ್ಯಾನ್ವಾಸ್ ಮಾಡದೆ ಗತಿಯಿಲ್ಲವೆಂಬುದೇ ಅವರ ವಾದವಾಗಿತ್ತು. ಏಳೆಂಟು ವರ್ಷಗಳಿಂದ ನನ್ನ ಮನೆ ನಡೆಯುತ್ತಿರುವುದು ಅಂಗೈಗಿಂತ ತುಸು ದೊಡ್ಡದಾದ ಹಲಗೆಗಳ ಮೇಲೆ ಬರೆದ ಚಿತ್ರಗಳಿಂದಲೇ.

ಮೊದಮೊದಲು ಹತ್ತರಲ್ಲಿ ಏಳೆಂಟು ಚಿತ್ರ ಕೆಡುತ್ತಿದ್ದವು. ನೇರ ಬಿಸಿಲು ಬೀಳುವ ಹಲಗೆಯ ಮೇಲೆ ಬೆಳಗುವ ಬಣ್ಣ, ಮನೆಯ ಗೋಡೆಗೇರಿದೊಡನೆ ಕಪ್ಪಿಡುತ್ತದೆ. ಹಲಗೆಯೂ ಬಣ್ಣ ಬೆರೆಸುವ ಪ್ಯಾಲೆಟ್ಟೂ ಒಂದೇ ನೆರಳಿನಲ್ಲಿರುವಂತೆ ಬೂದುಬಣ್ಣದ ಕೊಡೆ ಕಟ್ಟಿದ ಮೇಲೆ ಆ ಕಾಟ ತಪ್ಪಿತು. ನೀಲಿ ಅಥವಾ ಕೆಂಪು ಕೊಡೆಯ ಛಾಯೆ ಚಿತ್ರದೊಳಕ್ಕೂ ಇಳಿಯುತ್ತದೆ.

ದೊಡ್ಡ ತೊಡಕು ಓಡುವ ಬೆಳಕಿನದು. ಫ್ರಾನ್ಸಿನ ಚಿತ್ರಕಾರ ವಾಲಾಂಸಿಯೆನ್ 1800ರಲ್ಲೇ ಇಂಥ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯೋದಯ ಸೂರ್ಯಾಸ್ತಗಳಿಗೆ ಅರ್ಧ ಗಂಟೆ ಎಂದು ಮಿತಿ ಹಾಕಿದ್ದ. 1890–91ರಲ್ಲಿ ಹುಲ್ಲಿನ ಮೆದೆಗಳನ್ನು ಬರೆದ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದ (ಕೊನೆಯ ಕೈ ಮಾತ್ರ ಸ್ಟುಡಿಯೋದಲ್ಲೇ ಹಾಕಿದ್ದ, ಅದನ್ನು ಯಾರೂ ನೆನೆಯುವುದಿಲ್ಲ). ನಾನೂ ಒಂದೇ ಜಾಗಕ್ಕೆ ನಾಲ್ಕೈದು ಹಲಗೆ ಒಯ್ದು, ಪ್ರತಿಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗಂಟೆಯನ್ನೂ ನೆರಳು ಬಿದ್ದ ದಿಕ್ಕನ್ನೂ ಬರೆದಿಟ್ಟು, ನೆರಳು ಸರಿದೊಡನೆ ಕುಂಚ ಎತ್ತಿ, ಮರುದಿನ ಅದೇ ಹೊತ್ತಿಗೆ ಅದೇ ಹಲಗೆಯನ್ನು ಹೊರತೆಗೆಯುತ್ತೇನೆ. ಮೋಡ ಕವಿದ ದಿನಕ್ಕೆ ಬೇರೆಯೇ ಹಲಗೆಯಿದೆ. ಅರೆಬರೆ ಚಿತ್ರಗಳ ರಾಶಿ ಬೀಳುತ್ತದೆಂದು ನಕ್ಕವರಿಗೆ, ವಾರದೊಳಗೆ ಎಲ್ಲವೂ ಒಟ್ಟಿಗೆ ಮುಗಿದದ್ದನ್ನು ತೋರಿಸಿದೆ.

ನಡುವೆ, ಬಣ್ಣ ಮರುದಿನದವರೆಗೂ ಹಸಿಯಾಗಿರಲೆಂದು ಬಣ್ಣ ಕಲಸುವ ಎಣ್ಣೆಗೆ ಲವಂಗದೆಣ್ಣೆ ಬೆರೆಸಿ ನೋಡಿದೆ. ಒಂದೆರಡು ಹನಿ ಸಾಕು. ಹೆಚ್ಚಾದ ಹಲಗೆಗಳು ವಾರಗಟ್ಟಲೆ ಅಂಟಂಟಾಗಿ ಉಳಿದು ಧೂಳು ಹಿಡಿದವು. ಹಲಗೆಗೆ ಮೊದಲು ಬಳಿಯುವ ಬೂದಿಬಣ್ಣದ ಪಾಕವನ್ನು ಮಾತ್ರ ಇಲ್ಲಿ ಹೇಳಲಾರೆ, ನನ್ನ ಆಕಾಶಗಳು ಬೆಳಗುವುದೇ ಅದರಿಂದ.

ಹಣವನ್ನು ತಿನ್ನುತ್ತಿದ್ದುದು ಬಣ್ಣವಲ್ಲ, ಚೌಕಟ್ಟು ಮತ್ತು ಗ್ಯಾಲರಿಯ ಕಮಿಷನ್. ಬೆಲೆಯ ಅರ್ಧ ಗ್ಯಾಲರಿಗೆ, ಉಳಿದುದರಲ್ಲಿ ಮೂರನೆಯ ಒಂದು ಪಾಲು ಚೌಕಟ್ಟಿಗೆ ಹೋಗುತ್ತಿತ್ತು. ಎಲ್ಲ ಹಲಗೆಗಳನ್ನೂ ಎರಡೇ ಅಳತೆಗೆ ಇಳಿಸಿದ್ದರಿಂದ ಪ್ರದರ್ಶನಕ್ಕೆ ಹತ್ತಾರು ಚೌಕಟ್ಟುಗಳೇ ಸಾಕಾದವು. ಚಿತ್ರವನ್ನು ಬರಿಹಲಗೆಯಾಗಿ ನೇರ ಮಾರಿ, ಚೌಕಟ್ಟನ್ನು ಮುಂದಿನ ಚಿತ್ರಕ್ಕೆ ಹಾಕುತ್ತೇನೆ. ಬೆಲೆಯನ್ನು ಅಳತೆಯ ಮೇಲಷ್ಟೇ ಕಟ್ಟುವುದರಿಂದ ಚೌಕಾಸಿಯೂ ಕಡಿಮೆಯಾಗಿದೆ. ದೊಡ್ಡ ಕ್ಯಾನ್ವಾಸಿಗೆ ಬೇಡಿಕೆ ಬಂದರೆ ಈ ಹಲಗೆಗಳನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ, ಫೋಟೋ ಮುಟ್ಟುವುದಿಲ್ಲ.