ಚಿಪ್ ಇಲ್ಲದೆ 10 ಕಿಲೋಮೀಟರ್ ಓಟ: ಬದಿಯಡ್ಕದಲ್ಲಿ ನಾವು ಟೈಮ್ ಹಿಡಿದ ರೀತಿ

ಟೈಮ್ ಹಿಡಿಯಲು ಚಿಪ್ (ಓಟಗಾರರ ಮೈಮೇಲೆ ಇದ್ದು, ಗೆರೆ ದಾಟಿದ್ದನ್ನು ಮೆಷಿನ್ನಿಗೆ ತಾನೇ ತಿಳಿಸುವ ಸಣ್ಣ ತುಂಡು) ಬೇಕೇಬೇಕು ಅಂತ ನಮಗೆ ಹೇಳದವರೇ ಇಲ್ಲ. "ಮುನ್ನೂರು ಜನ ಓಡುವಾಗ ಸ್ಟಾಪ್‌ವಾಚ್ ಹಿಡ್ಕೊಂಡು ಏನು ಮಾಡ್ತೀರಿ ಮಾರಾಯ್ರೆ?" ಅಂತ ಮಂಗಳೂರಿಂದ ಬರುವ ಓಟಗಾರರೇ ಕೇಳಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾವು ವರ್ಷ ವರ್ಷ ನಡೆಸುವ ಈ ಓಟದಲ್ಲಿ ಈ ಸಲ ಹೆಚ್ಚುಕಮ್ಮಿ 280 ಜನ ಓಡಿದರು. ಕೊನೆಯವರು ಮುಟ್ಟಿದ ಅರ್ಧ ಗಂಟೆಯಲ್ಲಿ ಎಲ್ಲರ ಟೈಮೂ ಗೋಡೆಯ ಮೇಲಿತ್ತು. ತಕರಾರು ಬಂದದ್ದು ಎರಡೋ ಮೂರೋ. ಅವೂ ಅಲ್ಲೇ ಬಗೆಹರಿದವು.

ಚಿಪ್ಪಿನವರನ್ನು ನಾವು ಕೇಳಲಿಲ್ಲ ಅಂತಲ್ಲ. ಮೆಷಿನ್ ಬಾಡಿಗೆ, ಅವರು ಬಂದು ಹೋಗುವ ಖರ್ಚು, ತಲೆಗಿಷ್ಟು ಅಂತ ಚಿಪ್ಪಿನ ದುಡ್ಡು, ಎಲ್ಲ ಸೇರಿ 45 ಸಾವಿರದ ಹತ್ತಿರ ಹೇಳಿದರು. ನಮ್ಮ ಫೀಸು 200 ರೂಪಾಯಿ, ಶಾಲೆ ಮಕ್ಕಳಿಗೆ 50. ಫೀಸಿನಿಂದ ಬರುವುದು 40 ಸಾವಿರ ದಾಟುವುದಿಲ್ಲ. ಉಳಿದದ್ದು ಪೇಟೆಯ ಅಂಗಡಿಯವರು, ಅಡಿಕೆ ವ್ಯಾಪಾರದವರು ಕೊಡುವುದು. ಅವರು ಕೊಟ್ಟ ದುಡ್ಡು ಆಂಬುಲೆನ್ಸಿಗೆ, ನೀರಿಗೆ, ತಿಂಡಿಗೆ ಹೋಗಬೇಕು ಅಂತ ನನ್ನ ಹಟ.

ಮೊದಲ ವರ್ಷ ಪುಸ್ತಕ ಹಿಡಿದು ಬರೆದೆವು. ಒಬ್ಬ ಚೆಸ್ಟ್ ನಂಬರ್ ಕೂಗುವುದು, ಇನ್ನೊಬ್ಬ ಬರೆಯುವುದು. ಮೊದಲ ಇಪ್ಪತ್ತು ಜನರವರೆಗೆ ಚೆನ್ನಾಗಿಯೇ ಹೋಯಿತು. 55 ನಿಮಿಷ ದಾಟಿದ ಮೇಲೆ ಜನ ಗುಂಪಾಗಿ ಬರತೊಡಗಿದರು. ಕೂಗುವವನು ಮಲಯಾಳದಲ್ಲಿ ಕೂಗುತ್ತಾನೆ, ಬರೆಯುವವನದು ಕನ್ನಡದ ಕಿವಿ, ಪಕ್ಕದಲ್ಲಿ ನಿಂತವರು ತುಳುವಿನಲ್ಲಿ ತಿದ್ದುತ್ತಾರೆ. ಪುಟದ ಅರ್ಧ ಕಾಟು ಹೊಡೆದದ್ದೇ. ಮರುವರ್ಷ ಮೊಬೈಲಿನಲ್ಲಿ ವಿಡಿಯೋ ಮಾಡಿದೆವು. ಗೆರೆ ದಾಟುವಾಗ ಎಲ್ಲರ ಕೈಯೂ ವಾಚಿನ ಮೇಲೆ, ನಂಬರ್ ಆ ಕೈಯ ಹಿಂದೆ! ರಾತ್ರಿಯಿಡೀ ನಿಲ್ಲಿಸಿ ನಿಲ್ಲಿಸಿ ನೋಡಿದರೂ ಮೂವತ್ತು ನಲ್ವತ್ತು ಜನರ ಗುರುತು ಸಿಗಲಿಲ್ಲ. ಅವರಿಗೆಲ್ಲ ಫೋನ್ ಮಾಡಿ ಕೇಳಬೇಕಾಯಿತು.

ಈಗ ಮಾಡುವುದು ಹೀಗೆ. ಚೆಸ್ಟ್ ನಂಬರಿನ ಕೆಳಗೆ ಹರಿಯುವ ಪಟ್ಟಿ ಉಂಟು, ಅದರಲ್ಲೂ ಅದೇ ನಂಬರ್. ಗೆರೆಯ ಆಚೆ ಅಡಿಕೆ ಮರದ ಕಂಬ ನೆಟ್ಟು ಹಗ್ಗ ಕಟ್ಟಿ 25 ಮೀಟರಿನಷ್ಟು ಓಣಿ ಮಾಡುತ್ತೇವೆ. ಅಗಲ ಒಬ್ಬರಿಗೆ ಮಾತ್ರ, ಮುಂದಿನವರನ್ನು ದಾಟಲು ಜಾಗ ಇರಬಾರದು. ಗೆರೆಯಲ್ಲಿ ಇರುವವನು ತಲೆ ಎತ್ತದೆ, ಎದೆ ದಾಟಿದ ಹಾಗೆ ಸ್ಟಾಪ್‌ವಾಚಿನ ಬಟನ್ ಒತ್ತುತ್ತಾನೆ, ಒತ್ತಿದಾಗಲೆಲ್ಲ ಒಂದು ಟೈಮ್ ಅದರಲ್ಲಿ ಉಳಿಯುತ್ತದೆ. ನಂಬರ್ ನೋಡುವುದು ಅವನ ಕೆಲಸವಲ್ಲ. ಓಣಿಯ ಕೊನೆಯಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಎಡಗೈಯಲ್ಲಿ ನಂಬರಿನ ಮೇಲ್ಭಾಗ ಒತ್ತಿ ಹಿಡಿದು, ಬಲಗೈಯಲ್ಲಿ ಪಟ್ಟಿಯನ್ನು ಅಡ್ಡಕ್ಕೆ ಎಳೆಯುತ್ತಾಳೆ. ಕೆಳಕ್ಕೆ ಎಳೆದರೆ ಪಿನ್ನಿನ ಸಮೇತ ಬನಿಯನ್ ಹರಿಯುತ್ತದೆ. ಇನ್ನೊಬ್ಬಳು ಅದನ್ನು ಸರಿಗೆಗೆ ಚುಚ್ಚುತ್ತಾಳೆ. ದಿನಸಿ ಅಂಗಡಿಯಲ್ಲಿ ಚೀಟಿ ಚುಚ್ಚಿ ನೇತು ಹಾಕುತ್ತಾರಲ್ಲ, ಅದೇ ಸರಿಗೆ. ಚುಚ್ಚಿದ ಸಾಲು ಆಮೇಲೆ ಹಿಂದೆ ಮುಂದೆ ಆಗುವುದೇ ಇಲ್ಲ. ಮೊದಲ ಟೈಮ್ ಮೊದಲ ಪಟ್ಟಿಗೆ, ಎರಡನೆಯದು ಎರಡನೆಯದಕ್ಕೆ.

ಆದರೆ ಒಂದು ಬಟನ್ ಜಾಸ್ತಿ ಬಿದ್ದರೆ ಅಲ್ಲಿಂದಾಚೆ ಎಲ್ಲ ಕೆಟ್ಟಿತು ಅಲ್ವಾ? ಅಪ್ಪನ ಕೈ ಹಿಡಿದು ಗೆರೆ ದಾಟುವ ಮಗುವಿನಿಂದಲೇ ಹೀಗಾಗುವುದು. ಅದಕ್ಕೆ ಮೂರನೆಯವನೊಬ್ಬ ಬೇಕು. ಹತ್ತು ಹನ್ನೆರಡು ಜನರಿಗೊಮ್ಮೆ ಕಣ್ಣಿಗೆ ಸರಿಯಾಗಿ ಕಂಡ ಒಂದು ನಂಬರನ್ನು ಟೈಮಿನ ಜೊತೆ ಅವನು ಬರೆದುಕೊಳ್ಳುತ್ತಾನೆ. ಲೆಕ್ಕ ತಪ್ಪಿದರೂ ಎರಡು ಗುರುತುಗಳ ನಡುವೆ ಹುಡುಕಿದರೆ ಸಾಕು. ಒಂದು ಓಣಿಗೆ ನಿಮಿಷಕ್ಕೆ 20 ಜನ ಆರಾಮ. 30 ದಾಟಿದರೆ ಸಾಲು ಗೆರೆಯವರೆಗೆ ಬಂದು ನಿಲ್ಲುತ್ತದೆ, ಆಗ ಟೈಮ್ ಹಾಳು.

ಬೆವರಿಗೆ ಪಟ್ಟಿ ಮುದ್ದೆಯಾಗದ ಹಾಗೆ ಏನು ಹಚ್ಚಿದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಬಂದು ಒಂದು ದಿನ ಕೆಲಸ ಮಾಡಿದವರಿಗೆ ತೋರಿಸುತ್ತೇವೆ.

ದೂರ ಅಳೆದದ್ದಕ್ಕೂ ಮಾತು ಕೇಳಿದ್ದುಂಟು. ನೀರ್ಚಾಲು ಕಡೆ ಹೋಗಿ ತಿರುಗಿ ಬರುವ ದಾರಿ ನಮ್ಮದು. "ನನ್ನ ವಾಚಿನಲ್ಲಿ 10.1 ಬಂತು" ಅಂತ ಹತ್ತಾರು ಜನ ಹೇಳಿದರು. ಬರಲೇಬೇಕು! ಜಿಪಿಎಸ್ ತಿರುವಿನಲ್ಲಿ, ಮರದಡಿಯಲ್ಲಿ ಓಲಾಡುತ್ತದೆ, ಜೊತೆಗೆ ಯಾರೂ ತಿರುವಿನ ಒಳಬದಿಗೆ ಅಂಟಿಕೊಂಡೇ ಓಡುವುದಿಲ್ಲ. ದೊಡ್ಡ ಮ್ಯಾರಥಾನುಗಳನ್ನೂ ಅಳೆಯುವುದು ಸೈಕಲಿನಲ್ಲಿ. ಅಮೆರಿಕದ ಅಲನ್ ಜೋನ್ಸ್ 1971ರಲ್ಲಿ ಮಾಡಿದ, ಚಕ್ರದ ಸುತ್ತು ಎಣಿಸುವ ಕೌಂಟರನ್ನು ಮುಂದಿನ ಚಕ್ರಕ್ಕೆ ಹಾಕುತ್ತಾರೆ. ಅದನ್ನು ತರಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಮ್ಯಾಗ್ನೆಟ್ಟಿನ ಅಗ್ಗದ ಕೌಂಟರ್ ಕಟ್ಟಿದೆವು. ಹಳೆಯ ದೊಡ್ಡ ಸೈಕಲಿಗೆ 10 ಕಿಲೋಮೀಟರಿಗೆ ಸುಮಾರು 4,500 ಸುತ್ತು ಬರುತ್ತದೆ. ಸುತ್ತು ಪೂರ್ತಿಯಾಗದೆ ಉಳಿದ ತುಂಡಿಗೆ ಕಡ್ಡಿ ಎಣಿಸುವುದು. 32 ಕಡ್ಡಿಯ ಚಕ್ರದಲ್ಲಿ ಒಂದಕ್ಕೆ 7 ಸೆಂಟಿಮೀಟರ್ ಹತ್ತಿರ. ಎಷ್ಟು ದೂರಕ್ಕೆ ಎಷ್ಟು ಸುತ್ತು ಅಂತ ಗೊತ್ತಾಗಲು, ಸ್ಟೀಲ್ ಟೇಪಿನಿಂದ ಅಳೆದ 300 ಮೀಟರನ್ನು ಮೊದಲು ನಾಲ್ಕು ಸಲ, ಕೊನೆಗೆ ನಾಲ್ಕು ಸಲ ತುಳಿಯಬೇಕು, ಯಾಕೆಂದರೆ ಬಿಸಿಲೇರಿದ ಹಾಗೆ ಟಯರು ಉಬ್ಬುತ್ತದೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅತಿ ಹತ್ತಿರದ ದಾರಿಯಲ್ಲೇ ಹೋಗಬೇಕು. ಕೊನೆಗೆ, ದೂರ ಕಡಿಮೆ ಬೀಳದಿರಲಿ ಅಂತ, ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿ ಸೇರಿಸುವುದು ನಿಯಮ. ನಮ್ಮ 10ರಲ್ಲಿ ಆ 10 ಮೀಟರೂ ಸೇರಿದೆ.

ಸುಮ್ನೆ ಒಂದೆರಡು ಪ್ರಯೋಗವೂ ಮಾಡಿದೆವು. ಅಡಿಕೆ ಹಾಳೆಯಲ್ಲಿ ಮೆಡಲ್ ಕತ್ತರಿಸಿ ಒಂದು ತಿಂಗಳು ಮೊದಲೇ ಕಟ್ಟಿಟ್ಟರೆ ಬೂಷ್ಟು ಬಂತು. ಹಿಂದಿನ ವಾರ ಕತ್ತರಿಸಿದ್ದು ಚೆನ್ನಾಗಿಯೇ ಉಳಿಯಿತು, ತಲಾ ಹತ್ತು ಹನ್ನೆರಡು ರೂಪಾಯಿಯಲ್ಲಿ ಆಯಿತು. ಉಪ್ಪು ಹಾಕಿದ ಪುನರ್ಪುಳಿ ಶರಬತ್ತನ್ನು ದಾರಿಯಲ್ಲಿ ಕೊಟ್ಟರೆ ಓಡುತ್ತಾ ಮೈಮೇಲೆ ಚೆಲ್ಲಿಕೊಳ್ಳುತ್ತಾರೆ, ಕಲೆ ಹೋಗುವುದಿಲ್ಲ. ಅದನ್ನು ಓಣಿ ದಾಟಿದ ಮೇಲೆ ಕೊಡಬೇಕು. ತಿರುಗುವ ಜಾಗದಲ್ಲಿ ಕೈಗೊಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕಿದ ವರ್ಷದಿಂದ ಅಲ್ಲಿವರೆಗೆ ಹೋಗದೆ ಮೊದಲೇ ತಿರುಗುವವರು ಇಲ್ಲ. ಖರ್ಚು 100 ರೂಪಾಯಿ.

ಈ ಸಲ ಟೈಮಿಂಗಿಗೆ ಒಟ್ಟು ಖರ್ಚಾದದ್ದು ನಾಲ್ಕು ಸಾವಿರದೊಳಗೆ, ಅದರಲ್ಲೂ ನಂಬರ್ ಮುದ್ರಣದ್ದೇ ಮುಕ್ಕಾಲು ಪಾಲು. ಬರುವ ವರ್ಷ 400 ಜನ ಆಗಬಹುದು. ಹಾಗಾದರೆ ಹೆಂಗಸರಿಗೊಂದು, ಗಂಡಸರಿಗೊಂದು ಅಂತ ಎರಡು ಓಣಿ ಮಾಡುತ್ತೇವೆ. ಎರಡಕ್ಕೂ ಬೇರೆ ಬೇರೆ ಸ್ಟಾಪ್‌ವಾಚ್, ಬೇರೆ ಬೇರೆ ಸರಿಗೆ.